ಬಣ್ಣ ಹಚ್ಚದೆ ಬಿಟ್ಟ ಜಾಗ

ಬೇರೆ ಊರುಗಳಲ್ಲಿ ಹೊಸ ಮುಖ ಕಂಡರೆ "ಯಾರ ಪೈಕಿ?" ಎಂದು ಕೇಳುತ್ತಾರಂತೆ. ನಮ್ಮಲ್ಲಿ "ಯಾರ ಕಣ್ಣು?" ಎಂದು ಕೇಳುತ್ತೇವೆ. ಹತ್ತು ತುಂಬುವವರೆಗೆ ಎಲ್ಲ ಮಕ್ಕಳಿಗೂ ಎಲ್ಲವೂ ಒಂದೇ ಥರ ಕಾಣುತ್ತದೆ, ಆಮೇಲೆ ಕಣ್ಣು ಬರುತ್ತದೆ. ರವಿವರ್ಮನ ಕಣ್ಣು ಬಂದವನಿಗೆ ಸೊಪ್ಪು ಮಾರುವವಳೂ ರೇಷ್ಮೆ ಉಟ್ಟ ಲಕ್ಷ್ಮಿಯೇ. ಹೆಂಡತಿಗೆ ವಯಸ್ಸಾದದ್ದು ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲವಾದ್ದರಿಂದ ಅಂಥ ಗಂಡುಗಳಿಗೆ ಹೆಣ್ಣು ಕೊಡಲು ಜನ ಮುಗಿಬೀಳುತ್ತಾರೆ. ಸ್ಯೂರಾ ಎಂಬ ಫ್ರೆಂಚ್ ಚಿತ್ರಕಾರನ ಕಣ್ಣು ಬಂದವರನ್ನು ನಾವು ಚುಕ್ಕಿಯವರು ಎನ್ನುತ್ತೇವೆ. ಅವರು ಮಾತಾಡುತ್ತ ಮಾತಾಡುತ್ತ ಹಿಂದಕ್ಕೆ ಸರಿಯುತ್ತಾರೆ. ತಪ್ಪು ತಿಳಿಯಬಾರದು, ಹತ್ತು ಹೆಜ್ಜೆ ಆಚೆ ಹೋದರೇನೇ ನೀವು ಅವರಿಗೆ ಚುಕ್ಕಿ ಚುಕ್ಕಿ ಕೂಡಿ ಒಬ್ಬ ಮನುಷ್ಯನಾಗಿ ಕಾಣುವುದು. ಪಿಕಾಸೊ ಕಣ್ಣಿನವರಿಗೆ ಎದುರಿಗಿದ್ದವರ ಮುಖದ ಎರಡೂ ಪಕ್ಕ ಒಟ್ಟಿಗೇ ಕಾಣುತ್ತವೆ, ಅವರ ಮುಂದೆ ಸುಳ್ಳು ನಡೆಯುವುದಿಲ್ಲ ಎಂದು ಪ್ರತೀತಿ. ಅದು ಬರೀ ಪ್ರತೀತಿ ಎಂದು ನನಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಯಾರೂ ಇಲ್ಲ.

ನಾನು ಇಲ್ಲಿನ ಚಿತ್ರದ ಮೇಷ್ಟ್ರಾಗಿದ್ದೆ. ಲೆಕ್ಕದ ಮೇಷ್ಟ್ರು ಒಂದು ವಾರ ಬರದಿದ್ದರೆ ಯಾರೂ ಕೇಳುವುದಿಲ್ಲ. ನಾನು ಒಂದು ದಿನ ಕೆಮ್ಮಿದರೆ ಮನೆಗೆ ಕಷಾಯ ಬರುತ್ತಿತ್ತು. ಕಣ್ಣು ಬರುವ ಮೊದಲೇ ಮಕ್ಕಳಿಗೆ ಎಲ್ಲ ಚಿತ್ರಕಾರರ ಪರಿಚಯವಾಗಿರಬೇಕು, ಇಲ್ಲವಾದರೆ ಒಂದು ಬೆಳಿಗ್ಗೆ ಎದ್ದಾಗ ಆಕಾಶ ಸುಳಿಸುಳಿಯಾಗಿ ತಿರುಗುತ್ತಿರುವುದನ್ನು ಕಂಡು ಮಗು ಚೀರಿಕೊಳ್ಳುತ್ತದೆ. ಹೇಳಿಕೊಟ್ಟಿದ್ದರೆ "ಅಮ್ಮಾ, ನಂದು ವೆಂಗಪ್ಪನ ಕಣ್ಣು" ಎಂದು ಹಲ್ಲುಜ್ಜಲು ಹೋಗುತ್ತದೆ. ವೆಂಗಪ್ಪ ಎಂದರೆ ವಾನ್ ಗೋ. ಮೊನೆ ಎಂಬ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ನಮ್ಮವರ ಬಾಯಲ್ಲಿ ಮೊನ್ನೆಯಾಗಿದ್ದಾನೆ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಒಂದೇ ಹುಲ್ಲಿನ ಬಣವೆಯನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಮಂಜಿನಲ್ಲಿ ಒಂದು ಸಲ ಬರೆದು, ಬೆಳಕು ಹೋಯಿತಲ್ಲ ಎಂದು ಕೊರಗುವವನಿಗೆ ಮೊನ್ನೆ ಎಂಬ ಹೆಸರೂ ಒಪ್ಪುತ್ತದೆ.

ನನ್ನ ಹತ್ತಿರ ಚಿತ್ರದ ಹಾಳೆಗಳ ಒಂದು ಕಟ್ಟು ಇತ್ತು, ಪಟ್ಟಾಭಿ ಮೇಷ್ಟ್ರ ಕಾಲದ್ದು. ಅವರು ನನಗೆ ಕಲಿಸಿದವರು. ಹಾಳೆ ತೋರಿಸಿ ಹೆಸರು ಹೇಳಿಸಿದರೆ ಪಾಠ ಆಗುವುದಿಲ್ಲ, ಕೈಯಲ್ಲಿ ಮಾಡಿಸಬೇಕು. ಚುಕ್ಕಿಯವರ ಪಾಠದ ದಿನ ರಂಗೋಲಿ ಪುಡಿ ತರಿಸಿ, ಗೆರೆ ಎಳೆಯದೆ ಬರೀ ಚುಕ್ಕಿಯಲ್ಲಿ ಒಂದು ಬದನೆಕಾಯಿ ಮಾಡಿ ಎನ್ನುತ್ತಿದ್ದೆ. ವೆಂಗಪ್ಪನ ದಿನ ಬಣ್ಣವನ್ನು ಬೆರಳಿನಲ್ಲಿ ಚಟ್ನಿ ತೆಗೆದ ಹಾಗೆ ದಪ್ಪಗೆ ತೆಗೆದು ಮೆತ್ತಬೇಕು. ರೆಂಬ್ರಾಂಟ್ ಎಂದರೆ ಕಿಟಕಿ ಬಾಗಿಲು ಮುಚ್ಚಿ, ಒಂದು ರೆಕ್ಕೆ ಮಾತ್ರ ಬೆರಳಷ್ಟು ತೆರೆದು, ಯಾರಾದರೂ ಒಬ್ಬರನ್ನು ಅಲ್ಲಿ ಕೂರಿಸುವುದು. "ಮೂಗಿನ ಈ ಕಡೆ ಏನು ಬಣ್ಣ?" ಎಂದರೆ "ಬೆಲ್ಲ" ಎನ್ನುತ್ತಿದ್ದವು. "ಆ ಕಡೆ?" "ಮಸಿ." ಮಕ್ಕಳು ಸರಿಯಾಗಿಯೇ ಹೇಳುತ್ತವೆ, ನಾವು ಸುಮ್ಮನಿದ್ದರೆ.

ಹಿಟ್ಟಿನ ಗಿರಣಿ ಚೆಲುವಮ್ಮನ ಮಗಳು ಭಾಗೀರಥಿ, ಎಲ್ಲರ ಬಾಯಲ್ಲಿ ಭಾಗಿ, ಆ ವರ್ಷ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಒಂಬತ್ತು ಮುಗಿದು ಹತ್ತು ತುಂಬುತ್ತ ಬಂದಿತ್ತು. ಎರಡು ಜಡೆ, ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪು, ಹುಬ್ಬಿನ ಮೇಲೆ ಸದಾ ಹಿಟ್ಟು. ಒಂದು ದಿನ ಪಾಠದ ಮಧ್ಯೆ ಎದ್ದು ನಿಂತು ಕೇಳಿದಳು: "ಮೇಷ್ಟ್ರೇ, ಯಾವ ಹಾಳೇಲೂ ಇಲ್ಲದ ಕಣ್ಣು ಬಂದ್ರೆ ಏನ್ ಮಾಡೋದು?"

"ಹಾಗೆ ಬರಲ್ಲ. ಕೂತ್ಕೋ," ಎಂದೆ.

"ಬಂದ್ರೆ ಅಂತ ಕೇಳಿದ್ದು."

"ಕೂತ್ಕೋ ಅಂದ್ನಲ್ಲ," ಎಂದು ಗದರಿಸಿದೆ. ಮಗು ಕೇಳಿದ್ದು ಸಹಜವಾದ ಪ್ರಶ್ನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು.

ಕಣ್ಣು ಬಂದ ಮಗುವಿಗೆ ನಮ್ಮಲ್ಲಿ ಚೊಂಬು ಇಡುವ ಶಾಸ್ತ್ರವಿದೆ. ಮಣೆಯ ಮೇಲೆ ಹಿತ್ತಾಳೆ ಚೊಂಬು, ಪಕ್ಕದಲ್ಲಿ ಒಂದು ನಿಂಬೆಹಣ್ಣು, ಒಂದು ಚೆಂಡುಹೂವು. ನೆಂಟರೆಲ್ಲ ಸೇರಿರುತ್ತಾರೆ. ಮೇಷ್ಟ್ರು "ಏನು ಕಾಣ್ತದೆ?" ಎಂದು ಕೇಳಬೇಕು, ಮಗು ಹೇಳಬೇಕು, ಅದನ್ನು ಕೇಳಿ ಮೇಷ್ಟ್ರು ಚಿತ್ರಕಾರನ ಹೆಸರು ಹೇಳಬೇಕು. ಆಮೇಲೆ ಪಾಯಸ. ಅಂದಿನಿಂದ ಆ ಮಗು ಆ ಹೆಸರಿನವರ ಪೈಕಿ. ಅವರ ಬೀದಿ, ಅವರ ಹರಟೆಕಟ್ಟೆ, ಹೆಚ್ಚಾಗಿ ಅವರಲ್ಲೇ ಸಂಬಂಧ. ಒಟ್ಟಿಗೆ ಕೂತು ಒಂದೇ ಸಂಜೆಯನ್ನು ನೋಡಲು ಜನ ಸಿಕ್ಕರು ಎಂದರೆ ಬಾಳಿಗೆ ಮತ್ತೇನು ಬೇಕು ಎನ್ನುವ ಊರು ಇದು.

ನನಗೆ ಕಣ್ಣು ಬಂದಾಗ ಎಲ್ಲದರಲ್ಲೂ ಒಂದೊಂದು ಜಾಗ ಖಾಲಿಯಾಯಿತು. ಚಿತ್ರ ಬರೆಯುತ್ತಿದ್ದವನು ಮಧ್ಯದಲ್ಲಿ ಎದ್ದು ಹೋದರೆ ಬಣ್ಣ ಕಾಣದ ಕ್ಯಾನ್ವಾಸ್ ಬಟ್ಟೆ ಹೇಗೆ ಉಳಿಯುತ್ತದೋ ಹಾಗೆ. ಹಸುವಿಗೆ ಬೆನ್ನಿನ ನಡುವೆ, ನಮ್ಮ ಮನೆಯ ಬಾಗಿಲಿಗೆ ಚಿಲಕದ ಹತ್ತಿರ, ನಮ್ಮಪ್ಪನಿಗೆ ಗಲ್ಲದಲ್ಲಿ. ಕತ್ತಲೆಯೂ ಅಲ್ಲ, ತೂತೂ ಅಲ್ಲ, ಬರೀ ಬಟ್ಟೆ. ಯಾವ ವಸ್ತುವಿನಲ್ಲಿ ಎಲ್ಲಿ ಬಿಟ್ಟಿದೆಯೋ ಅಲ್ಲೇ ಶಾಶ್ವತ. ಪಟ್ಟಾಭಿ ಮೇಷ್ಟ್ರ ಕಟ್ಟಿನಲ್ಲಿ ಹಾಗೆ ಬಿಟ್ಟವರು ಯಾರೂ ಇರಲಿಲ್ಲ. ಚೊಂಬಿನ ಮುಂದೆ ಕೂತಾಗ ಅಮ್ಮ ಆಸೆಯಿಂದ ನನ್ನ ಬಾಯನ್ನೇ ನೋಡುತ್ತಿದ್ದಳು. ನನಗೆ ಪಾಠ ಬಾಯಿಗೆ ಬರುತ್ತಿತ್ತು. "ಚೊಂಬಿನ ಅಂಚು ನಡುಗ್ತಾ ಇದೆ, ನೆರಳು ಕಪ್ಪಿಲ್ಲ, ನೀಲಿ ಇದೆ" ಎಂದು ಮೊನೆಯ ಹಾಳೆಯ ಪಾಠವನ್ನೇ ಒಪ್ಪಿಸಿದೆ. ಮೇಷ್ಟ್ರು ನನ್ನ ತಲೆ ನೇವರಿಸಿ ಹೆಸರು ಹೇಳಿದರು. ಅಮ್ಮ ಅತ್ತಳು, ಸಂತೋಷಕ್ಕೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ನನ್ನದಕ್ಕೆ ಒಂದೇ ಸುಳ್ಳು ಸಾಕಾಯಿತು. ಜಲಜಾಕ್ಷಿ ನಿಜವಾದ ಮೊನೆ ಕಣ್ಣಿನವಳು. ಒಲೆಯ ಮೇಲೆ ಸಾರು ಕುದಿಯುವ ಹಬೆಯಲ್ಲಿ ಅವಳಿಗೆ ಆರು ಬಣ್ಣ ಕಾಣುತ್ತಿದ್ದವು. ದಿನಾ ಸಂಜೆ ನಾವಿಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕೆರೆಯ ಆಚೆಗಿನ ಉದ್ದ ಗೋಡೆಯನ್ನು ನೋಡುತ್ತಿದ್ದೆವು. "ರೀ, ಈಗ ಗುಲಾಬಿಯಾಯ್ತು ನೋಡಿ" ಎನ್ನುತ್ತಿದ್ದಳು. ಹೌದು ಎನ್ನುತ್ತಿದ್ದೆ. "ಬುಡದಲ್ಲಿ ನೇರಳೆ ಏರ್ತಾ ಇದೆ." ಹೌದು. ಆಚೆ ದಡದಲ್ಲಿ ನನಗೆ ಖಾಲಿ ಬಿಟ್ಟದ್ದು ಆ ಗೋಡೆ ಇದ್ದ ಜಾಗವನ್ನೇ, ಉದ್ದಕ್ಕೂ ಬರೀ ಬಟ್ಟೆ, ಇಟ್ಟಿಗೆಯೊಂದೂ ಕಾಣದು. ಹತ್ತೊಂಬತ್ತು ವರ್ಷ ಹೌದು ಎಂದೆ. ಆಗೀಗ ನಾನಾಗಿಯೇ ಶುರುಮಾಡುವಷ್ಟು ಧೈರ್ಯವೂ ಬಂದಿತ್ತು. ಹಾಗೆ ಒಂದು ಸಂಜೆ, ಅವಳು ಸುಮ್ಮನೆ ಕೂತಿದ್ದಾಳಲ್ಲ ಎಂದು ನಾನೇ, "ಗೋಡೆ ಇವತ್ತು ಬೇಗ ನೇರಳೆ ಆಯ್ತು, ಅಲ್ವಾ?" ಎಂದೆ.

ಅವಳು ತಿರುಗಿ ನನ್ನ ಮುಖವನ್ನೇ ನೋಡಿದಳು. ಆ ಗೋಡೆಯನ್ನು ಅಂದು ಬೆಳಿಗ್ಗೆ ಪುರಸಭೆಯವರು ಕೆಡವಿಹಾಕಿದ್ದರು. ಊರಿಗೆಲ್ಲ ಗೊತ್ತಿತ್ತು.

"ಹತ್ತೊಂಬತ್ತು ವರ್ಷ ನಾನೊಬ್ಬಳೇ ಕೂತಿದ್ನಾ ಇಲ್ಲಿ?" ಎಂದಳು. ಕೂಗಲಿಲ್ಲ, ಅಳಲಿಲ್ಲ. ಮರುದಿನ ಮೊನ್ನೆಯವರ ಬೀದಿಯಲ್ಲಿದ್ದ ಅಕ್ಕನ ಮನೆಗೆ ಹೋದಳು. ನನ್ನ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಸಂತೆಯಲ್ಲಿ ಸಿಕ್ಕರೆ "ಊಟ ಆಯ್ತಾ?" ಎಂದು ಕೇಳುತ್ತಾಳೆ, ನಾನು ಆಯ್ತು ಎನ್ನುತ್ತೇನೆ. ಅದಾಗಿ ಎಂಟು ವರ್ಷ. ಮನೆಯಲ್ಲಿ ನಾನು ದೊಡ್ಡದಾಗಿ ಮಾತಾಡಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಒಂಟಿತನ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಹಾಳೆ ತೋರಿಸದೆ ಪಾಠ ಮಾಡಬಲ್ಲೆ.

ಭಾಗೀರಥಿ ಪ್ರಶ್ನೆ ಕೇಳಿದ ಮೂರು ವಾರಕ್ಕೆ ಅವಳ ಸರದಿಯಲ್ಲಿ ತರಗತಿ ಗುಡಿಸಿದಳು. ಎಲ್ಲ ಕಡೆ ಸ್ವಚ್ಛ, ಕರಿಹಲಗೆಯ ಕೆಳಗೆ ಮಾತ್ರ ಮೊರದಷ್ಟು ಜಾಗದಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಬಿದ್ದಿತ್ತು. "ಅಲ್ಲಿ?" ಎಂದು ಕೈ ತೋರಿಸಿದೆ. ಅವಳು ಆ ಕಡೆ ನೋಡಿ, ನನ್ನ ಕಡೆ ನೋಡಿ, "ಗುಡ್ಸಿದ್ನಲ್ಲ ಮೇಷ್ಟ್ರೇ" ಎಂದಳು. ಧ್ವನಿಯಲ್ಲಿ ಭಯವಿತ್ತು. ಸಂಜೆ ಅವಳ ಪುಸ್ತಕ ತೆಗೆದು ನೋಡಿದೆ. ಬಾಗಿಲಾಚೆಯ ಬೇವಿನ ಮರವನ್ನು ಎಲೆ ಎಲೆಯಾಗಿ ಬರೆದು, ಕಾಂಡದ ನಡುವೆ ಅಂಗೈಯಗಲ ಕಾಗದವನ್ನು ಹಾಗೇ ಬಿಟ್ಟಿದ್ದಳು. ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ನನ್ನ ಕಡೆಯವರೊಬ್ಬರು ಸಿಕ್ಕಿದ್ದರು. ಸಂತೋಷವಾಯಿತು, ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅದರ ಹಿಂದೆಯೇ ಹೆದರಿಕೆಯೂ ಬಂತು. ಅವಳ ಕಣ್ಣನ್ನು ನಿಜ ಹೇಳಿ ಗುರುತಿಸಬೇಕಾದರೆ ನನ್ನದನ್ನೂ ಹೇಳಬೇಕು. ಸುಳ್ಳು ಕಣ್ಣಿನವನು ಕೊಟ್ಟ ಹೆಸರುಗಳನ್ನು ಊರು ಏನೆಂದುಕೊಳ್ಳುತ್ತದೆ?

ಎರಡು ದಿನ ಬಿಟ್ಟು ಚೆಲುವಮ್ಮನೇ ಶಾಲೆಗೆ ಬಂದಳು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುವ ಹೆಂಗಸು, ರೆಂಬ್ರಾಂಟ್ ಕಣ್ಣು. ನಾನು ಬೆಳಕಿಗೆ ಸರಿದು ನಿಲ್ಲುವವರೆಗೆ ಮಾತು ಶುರುಮಾಡಲಿಲ್ಲ.

"ಮೇಷ್ಟ್ರೇ, ಹುಡುಗಿಗೆ ಕಣ್ಣು ಬಂದೈತೆ. ರವಿವರ್ಮಂದು ಅಂತಾವ್ಳೆ. ಬರೋ ಸೋಮವಾರ ಚೊಂಬು ಇಡ್ತೀವಿ."

"ಅವಳೇ ಹೇಳಿದ್ಳಾ?"

"ಊ. ನಾನು ಸೀರೆ ಉಟ್ಕಂಡ್ರೆ ಮಿಂಚ್ತೀನಂತೆ." ಅವಳು ತನ್ನ ಹಿಟ್ಟು ಮೆತ್ತಿದ ಸೆರಗನ್ನು ನೋಡಿಕೊಂಡು ನಕ್ಕಳು. "ನನ್ ಕಣ್ಣಿಗೆ ಜಗತ್ತೆಲ್ಲ ಮಸಿ ಹಿಡಿದಂಗೆ ಕಾಣ್ತದೆ. ಇವಳಾದ್ರೂ ಚಂದ ನೋಡ್ಕಂಡು ಬದುಕ್ಲಿ. ಒಳ್ಳೆ ಕಡೆ ಹೋಗ್ತಾಳೆ."

ನಾನು ಆಗಲಿ ಎಂದೆ. ಅಷ್ಟೇ ಹೇಳಿದ್ದು.

ಸೋಮವಾರ ಚೆಲುವಮ್ಮನ ಮನೆಯ ನಡುಮನೆ ತುಂಬಿತ್ತು. ಹೆಂಗಸರ ಸಾಲಿನಲ್ಲಿ ಜಲಜಾಕ್ಷಿಯೂ ಕೂತಿದ್ದಳು, ಅವಳ ಅಕ್ಕನ ಮನೆಗೆ ಹಿಟ್ಟು ಹೋಗುವುದು ಈ ಗಿರಣಿಯಿಂದಲೇ. ಭಾಗಿ ಹಸಿರು ಲಂಗ ಉಟ್ಟು, ಎರಡು ಜಡೆಗೂ ಅಂದು ಒಂದೇ ಬಣ್ಣದ ಟೇಪು ಕಟ್ಟಿಸಿಕೊಂಡು ಚೊಂಬಿನ ಮುಂದೆ ಕೂತಳು. ನಾನು "ಏನು ಕಾಣ್ತದೆ?" ಎಂದೆ. ಅವಳು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಚೊಂಬು ಚಿನ್ನದ ಹಾಗೆ ಹೊಳೆಯುತ್ತಿದೆ, ಹೂವಿನ ದಳ ರೇಷ್ಮೆಯ ಹಾಗೆ ನುಣ್ಣಗಿದೆ, ಹಿಂದೆ ಭಾರವಾದ ಪರದೆ ಇಳಿಬಿಟ್ಟ ಹಾಗೆ ಕತ್ತಲೆ ಇದೆ. ಒಂದು ಮಾತೂ ತಪ್ಪಿರಲಿಲ್ಲ. ತಪ್ಪುವುದು ಹೇಗೆ, ಕಲಿಸಿದವನು ನಾನೇ. "ಭಾರವಾದ ಪರದೆ" ಎಂಬುದು ನನ್ನದೇ ಮಾತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಪಾಯಸದ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು.

ನಾನು ರವಿವರ್ಮ ಎಂದರೆ ಮುಗಿಯುತ್ತಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು, ಹೇಳಿಬಿಡಿ ಎನ್ನುವ ಹಾಗೆ. ಮುಂದೆ ಇವಳು ಯಾರ ಪಕ್ಕದಲ್ಲೋ ಕೂತು ವರ್ಷಗಟ್ಟಲೆ ಹೌದು ಹೌದು ಎನ್ನುವುದು ನನಗೆ ಕಂಡಿತು. ತನ್ನ ಪಕ್ಕದಲ್ಲಿ ಇವಳಿದ್ದಾಳೆಂದು ನಂಬಿ ಒಬ್ಬನೇ ಕೂತಿರುವವನೂ ಕಂಡ.

"ಭಾಗೀ," ಎಂದೆ, "ಚೊಂಬಿನಲ್ಲಿ ಬಣ್ಣ ಹಚ್ಚದೆ ಬಿಟ್ಟಿರೋದು ಎಲ್ಲಿ?"

ತಾಯಿಯ ಕಡೆ ನೋಡಿದಳು, ನೆಲ ನೋಡಿದಳು. ಆಮೇಲೆ ಸಣ್ಣಗೆ, "ಕತ್ತಿನ ಹತ್ರ" ಎಂದಳು.

"ನನಗೆ ತಳದಲ್ಲಿ," ಎಂದೆ.

ಚೆಲುವಮ್ಮ, "ಏನಂದ್ರಿ ಮೇಷ್ಟ್ರೇ? ಯಾರ ಕಣ್ಣು ಇದು?" ಎಂದಳು.

"ನನ್ನದೇ ಕಣ್ಣು, ಅಮ್ಮ. ನಾನು ಮೊನೆ ಕಡೆಯವನಲ್ಲ, ಚೊಂಬಿನ ದಿನ ಪಾಠ ಒಪ್ಪಿಸಿದ್ದೆ. ಎಲ್ಲದರಲ್ಲೂ ಒಂದು ಜಾಗ ಖಾಲಿ ಕಾಣೋ ಕಣ್ಣು ಇದು. ಯಾವ ಚಿತ್ರಕಾರ ಹೀಗೆ ಬರೆದನೋ ನಮ್ಮ ಕಟ್ಟಿನಲ್ಲಿ ಇಲ್ಲ. ಹೆಸರಿಲ್ಲ."

"ಹೆಸರಿಲ್ಲ ಅಂದ್ರೆ?" ಚೆಲುವಮ್ಮನ ಧ್ವನಿ ಒಡೆಯಿತು. "ಹೆಸರಿಲ್ಲ ಅಂದ್ರೆ ನನ್ ಮಗ್ಳು ಎಲ್ಲಿಗೆ ಹೋಗ್ಬೇಕು?"

ಜನ ಒಬ್ಬೊಬ್ಬರಾಗಿ ಎದ್ದರು. ಪಾಯಸ ಯಾರೂ ಮುಟ್ಟಲಿಲ್ಲ. ಜಲಜಾಕ್ಷಿ ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಹತ್ತಿರ ಒಂದು ಕ್ಷಣ ನಿಂತಳು. "ಇಷ್ಟು ಮಾತನ್ನ ನನ್ ಹತ್ರ ಹೇಳಿದ್ರೆ ಆಗ್ತಿತ್ತು. ನಾನೇನ್ ಬಿಟ್ಟು ಹೋಗ್ತಿದ್ನಾ," ಎಂದಳು. ಬೀದಿಗಿಳಿದು ನಡೆದಳು.

ಆಮೇಲೆ ಆಗಬೇಕಾದದ್ದು ಆಯಿತು. ಪಿಕಾಸೊ ಕಣ್ಣಿನ ಹಿರಿಯರು ಪಂಚಾಯಿತಿ ಸೇರಿ, ತಮಗೆ ಮೊದಲಿನಿಂದಲೂ ಅನುಮಾನವಿತ್ತು ಎಂದರು. ನಾನು ಹೆಸರು ಕೊಟ್ಟ ಮಕ್ಕಳಿಗೆಲ್ಲ ಇನ್ನೊಮ್ಮೆ ಚೊಂಬು ಇಟ್ಟರು. ಒಂದೂ ತಪ್ಪಿರಲಿಲ್ಲ. ಆದರೂ ಹಾಳೆಗಳ ಕಟ್ಟನ್ನು ನನ್ನಿಂದ ತೆಗೆದುಕೊಂಡು ಲೆಕ್ಕದ ಮೇಷ್ಟ್ರಿಗೆ ಕೊಟ್ಟರು. ಅವರು ಚುಕ್ಕಿಗಳನ್ನು ಎಣಿಸಲು ಕಲಿಸುತ್ತಿದ್ದಾರೆ ಎಂದು ಕೇಳಿದೆ. ಕಷಾಯ ನಿಂತಿತು. ಅದೆಲ್ಲ ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಭಾಗಿಯ ಸಿಟ್ಟು. ನಾನು ಅವಳನ್ನು ಉಳಿಸಿದೆ ಎಂದುಕೊಂಡಿದ್ದೆ, ಓಡಿ ಬಂದು ಕೈ ಹಿಡಿಯುತ್ತಾಳೆ ಎಂದೂ ಅಂದುಕೊಂಡಿದ್ದೆ. ವಯಸ್ಸಾದವರಿಗೆ ಇಂಥ ಆಸೆಗಳು ಇರುತ್ತವೆ. ಅವಳು ಬೀದಿಯಲ್ಲಿ ಎದುರಾದಾಗ ನಿಂತು, "ನೀವು ಸುಮ್ನಿದ್ದಿದ್ರೆ ನಂಗೂ ಒಂದು ಹೆಸರಿರ್ತಿತ್ತು" ಎಂದಳು. ಕಣ್ಣಲ್ಲಿ ನೀರಿತ್ತು. "ಅಮ್ಮ ನನ್ ಹತ್ರ ಮಾತಾಡ್ತಿಲ್ಲ. ಸುಳ್ಳು ಹೇಳ್ದೆ ಅಂತ ಅಲ್ಲ. ಅಮ್ಮಂಗೆ ಏನ್ ಮಾತಾಡ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ." ಹೇಳಿ ಹೊರಟುಹೋದಳು.

ಎರಡು ತಿಂಗಳು ಅವಳನ್ನು ಶಾಲೆಯ ಬೇಲಿಯಾಚೆಯಿಂದ ನೋಡಿದೆ. ಬಿಡುವಿನ ಹೊತ್ತಿನಲ್ಲಿ ರವಿವರ್ಮನ ಕಡೆಯ ಹುಡುಗಿಯರು ಒಬ್ಬರಿಗೊಬ್ಬರು ಹೂ ಮುಡಿಸಿಕೊಳ್ಳುತ್ತಿದ್ದರು, ಚುಕ್ಕಿಯವರು ದೂರ ದೂರ ನಿಂತು ಚೆಂಡು ಎಸೆದಾಡುತ್ತಿದ್ದರು. ಅವಳು ಬೇವಿನ ಮರಕ್ಕೆ ಒರಗಿ ನಿಂತಿರುತ್ತಿದ್ದಳು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಮನೆಯಲ್ಲಿ ದೊಡ್ಡದಾಗಿಯೇ ಕೇಳಿಕೊಂಡೆ.

ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಭಾಗಿ ಒಳಗೆ ಬರಲಿಲ್ಲ. "ಮೇಷ್ಟ್ರೇ, ಗಿರಣಿಗೆ ಬರ್ತೀರಾ?" ಎಂದಳು.

"ಯಾಕಮ್ಮ?"

"ಬನ್ನಿ. ಒಂದು ನೋಡ್ಬೇಕು."

ಅವಳ ಹಿಂದೆ ನಡೆದೆ. ಗಿರಣಿಯ ಕಟ್ಟೆಯ ಮೇಲೆ, ಜೋಳದ ಚೀಲಗಳ ಪಕ್ಕ ನನ್ನನ್ನು ಕೂರಿಸಿ ತಾನೂ ಕೂತಳು. ಒಳಗೆ ಚೆಲುವಮ್ಮ ಯಾರದೋ ರಾಗಿ ಹಾಕಿಕೊಂಡು ನಿಂತಿದ್ದಳು. ನಮ್ಮನ್ನು ನೋಡಿದಳು, ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಯಂತ್ರದ ಸದ್ದಿಗೆ ಭಾಗಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಮಾತಾಡಿದಳು.

"ನಮ್ಮಮ್ಮಂದು ನಿಮಗೆ ಎಲ್ಲಿ ಖಾಲಿ?"

"ಹಣೆ," ಎಂದೆ. "ಕುಂಕುಮದಿಂದ ಮೇಲಕ್ಕೆ."

"ನಂಗೆ ಬಾಯಿಂದ ಬಲಗಡೆ ಕೆನ್ನೆವರ್ಗೂ." ಅವಳು ಸ್ವಲ್ಪ ತಡೆದಳು. "ಅಮ್ಮ ನಕ್ರೆ ಆ ಕೆನ್ನೇಲಿ ಗುಳಿ ಬೀಳ್ತದೆ. ಮೊದ್ಲು ನೋಡಿದ್ದೆ. ಈಗ ನನ್ನ ನೋಡಿ ನಗ್ತಾಳೋ ಇಲ್ವೋ ನಂಗೆ ಗೊತ್ತಾಗಲ್ಲ. ನಿಮಗೆ ಆ ಕೆನ್ನೆ ಕಾಣ್ತದಾ?"

"ಕಾಣ್ತದೆ."

"ಪೂರ್ತಿ?"

"ಪೂರ್ತಿ. ಹಿಟ್ಟು ಮೆತ್ತಿದೆ."

ರಾಗಿ ಮುಗಿದು ಯಂತ್ರದ ಸದ್ದು ಇಳಿಯಿತು. ಚೆಲುವಮ್ಮ ಹಿಟ್ಟಿನ ಡಬ್ಬ ತಟ್ಟಿ ಮುಚ್ಚಿ, ತಲೆಯೆತ್ತಿ ಮಗಳ ಕಡೆ ನೋಡಿದಳು. ಭಾಗಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಈಗ ನೋಡ್ತಾವ್ಳೆ. ಗುಳಿ ಬಿದ್ದೈತಾ?"

ಹೌದು ಎನ್ನುವುದು ನನ್ನ ನಾಲಿಗೆಗೆ ಹತ್ತೊಂಬತ್ತು ವರ್ಷದ ಅಭ್ಯಾಸ. ಅದು ತುಟಿಯವರೆಗೂ ಬಂತು. ಚೆಲುವಮ್ಮನ ಮುಖವನ್ನು ಚೆನ್ನಾಗಿ ನೋಡಿದೆ. ದಣಿದ ಮುಖ, ಸಿಟ್ಟೂ ಇಲ್ಲದ, ನಗುವೂ ಇಲ್ಲದ ಮುಖ.

"ಇಲ್ಲ," ಎಂದೆ.

ಭಾಗಿ ಕೈ ಬಿಡಲಿಲ್ಲ.

"ಸರಿ," ಎಂದಳು. "ಬಿದ್ದಾಗ ಹೇಳಿ."

ಚೆಲುವಮ್ಮ ಇನ್ನೊಂದು ಚೀಲ ಬಿಚ್ಚಿದಳು. ನಾವಿಬ್ಬರೂ ಕಟ್ಟೆಯ ಮೇಲೆ ಅವಳನ್ನೇ ನೋಡುತ್ತ ಕೂತೆವು.